ಐವತ್ತೆರಡು ಪುಟ

ಕೋರ್ಟಿನಲ್ಲಿ ಎಲ್ಲರೂ ನನ್ನನ್ನು ಏಣಿ ಎಂದು ಕರೆಯುತ್ತಾರೆ. ನಾನೇನೂ ಎತ್ತರದ ಆಳಲ್ಲ. ಇಪ್ಪತ್ತೆಂಟು ವರ್ಷದಿಂದ ಕೆಳಮಹಡಿಯ ವಿಚಾರಣೆ ಕಿಟಕಿಯಲ್ಲಿ ಕೂತಿದ್ದೇನೆ. ದಿಕ್ಕು ತಪ್ಪಿ ಬಂದವರಿಗೆ ಹಳೆಯ ಕೇಸುಪಟ್ಟಿಯ ಹಿಂಬದಿಯಲ್ಲಿ ಒಂದು ಏಣಿ ಬರೆದುಕೊಡುವುದು ನನ್ನ ಅಭ್ಯಾಸ. ತಳದ ಮೆಟ್ಟಿಲು ಕಿರಿಯ ಜಡ್ಜರ ಕೋರ್ಟು, ಅದರ ಮೇಲೆ ಹಿರಿಯ ಜಡ್ಜರದು, ಮೊದಲ ಮಹಡಿಯಲ್ಲಿ ಜಿಲ್ಲಾ ಕೋರ್ಟು, ಸೇತುವೆಯ ಆಚೆ ಇಡೀ ರಾಜ್ಯಕ್ಕೆ ಒಂದೇ ಒಂದಾದ ಹೈಕೋರ್ಟು. ಅದಕ್ಕೂ ಮೇಲೊಂದು ಮೆಟ್ಟಿಲಿದೆ. ಅದನ್ನು ಚುಕ್ಕಿಗೆರೆಯಲ್ಲಿ ಬರೆಯುತ್ತೇನೆ, ಏಕೆಂದರೆ ಅಲ್ಲಿಯವರೆಗೆ ಹೋಗುವ ಜನ ನನ್ನ ಕಿಟಕಿಗೆ ಬರುವುದಿಲ್ಲ. ಸೋತವನು ಮೂವತ್ತು ದಿನದೊಳಗೆ ಒಂದು ಮೆಟ್ಟಿಲು ಹತ್ತಬೇಕು. ವಕೀಲರು ಒಂದು ಗಂಟೆ ಎಳೆಯುವುದನ್ನು ನಾನು ಒಂದು ನಿಮಿಷದಲ್ಲಿ ತಿಳಿಸುತ್ತೇನೆ ಎಂಬ ಜಂಭ ನನಗೆ ಬೇಕಾದಷ್ಟಿತ್ತು.

ನನ್ನ ತಂಗಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಮನೆಗೆ ಬರುವುದು ಎಂಟಕ್ಕೆ. ಗಂಡ ಬಿಟ್ಟುಹೋಗಿ ಐದು ವರ್ಷವಾಯಿತು. ಅವನು ಬೇರೆ ರಾಜ್ಯದಲ್ಲಿ ಕೆಲಸ ಹಿಡಿದು, ಇನ್ನೊಂದು ಮದುವೆಯಾಗಿ, ದೊಡ್ಡ ಮನೆ ಮಾಡಿ, ಏಳು ವರ್ಷದ ಮಗಳು ಪುಟ್ಟಿ ತನಗೆ ಬೇಕೆಂದು ಕೇಸು ಹಾಕಿದ. ಜಡ್ಜರು ಐವತ್ತೆರಡು ಪುಟ ಬರೆದು, ಕೊನೆಯ ಪುಟದಲ್ಲಿ ಮಗುವನ್ನು ಅಪ್ಪನಿಗೆ ಒಪ್ಪಿಸಬೇಕೆಂದರು. ಐದು ವಾರ ಕಳೆದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ತಂಗಿಯ ಮನೆಯಲ್ಲೇ, ಕೋರ್ಟಿನ ಬೇಲಿಫನ ಎದುರು ಒಪ್ಪಿಸಬೇಕು. ಅಂದೇ ಸಂಜೆಯ ರೈಲಿಗೆ ಅವನು ಎರಡು ಟಿಕೆಟ್ ತೆಗೆದಿಟ್ಟಿದ್ದ. ಒಮ್ಮೆ ರಾಜ್ಯದ ಗಡಿ ದಾಟಿದರೆ ಅಲ್ಲಿಯ ಕೋರ್ಟುಗಳೇ ಬೇರೆ, ನನ್ನ ಏಣಿ ಅಲ್ಲಿಗೆ ಎಟುಕುವುದಿಲ್ಲ.

ತಂಗಿಗೂ ಏಣಿ ಬರೆದುಕೊಟ್ಟೆ. ಮೊದಲ ಮಹಡಿಯ ಮೆಟ್ಟಿಲಿಗೆ ಸುತ್ತು ಹಾಕಿ, ಅಪೀಲು ಇಲ್ಲಿ ಎಂದು ಬರೆದೆ. ಅವಳ ವಕೀಲೆ ಹೊಸಬಳು. ಏಣಿ ಸಾರ್ ಹೇಳಿದ ಮೇಲೆ ಇನ್ನೇನು ಎಂದು ಹತ್ತನೆಯ ದಿನವೇ ಮೇಲೆ ಹೋಗಿ ಹಾಕಿ ಬಂದಳು.

ಶುಕ್ರವಾರ ಸಂಜೆ ಆ ಫೈಲು ವಾಪಸು ಬಂತು. ಮೇಲಿನ ಗುಮಾಸ್ತ ಅದನ್ನು ನನ್ನ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದ. ಮುಖಪುಟದ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಸಾಲಿತ್ತು: ಈ ನ್ಯಾಯಾಲಯಕ್ಕೆ ಅಧಿಕಾರವಿಲ್ಲ, ಸರಿಯಾದ ನ್ಯಾಯಾಲಯಕ್ಕೆ ಸಲ್ಲಿಸತಕ್ಕದ್ದು.

ನಾಲ್ಕು ವರ್ಷದ ಹಿಂದೆ, ಮುರಿದ ಕುರ್ಚಿಗಳನ್ನು ತುಂಬಿದ್ದ ಉಗ್ರಾಣವನ್ನು ಗುಡಿಸಿ ಸುಣ್ಣ ಬಳಿದು ಕೌಟುಂಬಿಕ ನ್ಯಾಯಾಲಯ ಮಾಡಿದರು. ತಂಗಿಯ ಕೇಸು ನಡೆದದ್ದು ಅಲ್ಲೇ. ಅದು ಇರುವುದು ಕೆಳಮಹಡಿಯಲ್ಲಿ, ಕಿರಿಯ ಜಡ್ಜರ ಪಕ್ಕದ ಕೋಣೆಯಲ್ಲಿ. ಆದರೆ ಅಲ್ಲಿ ಸೋತವರು ಒಂದು ಮೆಟ್ಟಿಲು ಹತ್ತುವುದಲ್ಲ, ನಡುವಿನದನ್ನೆಲ್ಲ ಬಿಟ್ಟು ನೇರ ಹೈಕೋರ್ಟಿಗೆ ಹೋಗಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಎಷ್ಟೋ ಜನರಿಗೆ ನಾನೇ ಹೇಳಿದ್ದೇನೆ, ಕೇಳಿಸಿಕೊಳ್ಳದವರನ್ನು ಗದರಿದ್ದೇನೆ. ಪರರ ಮಕ್ಕಳ ವಿಷಯದಲ್ಲಿ ನೆಟ್ಟಗಿದ್ದ ತಲೆ ನಮ್ಮ ಮಗುವಿನ ವಿಷಯಕ್ಕೆ ಬಂದಾಗ ಹೆದರಿಕೊಂಡು ಮೂಲೆ ಸೇರಿತ್ತು. ಕೈ ಮಾತ್ರ ಇಪ್ಪತ್ತೆಂಟು ವರ್ಷದ ರೂಢಿಯಲ್ಲಿ ಹಳೆಯ ಏಣಿಯನ್ನೇ ಬರೆದಿತ್ತು.

ರಾತ್ರಿ ತಂಗಿಯ ಮನೆಗೆ ಹೋದಾಗ ಅವಳು ಪುಟ್ಟಿಯ ಸಾಕ್ಸ್ ಹೊಲಿಯುತ್ತಿದ್ದಳು. ಹೇಳುವುದಕ್ಕೆ ನನಗೆ ಕಾಲು ಗಂಟೆ ಬೇಕಾಯಿತು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಎದ್ದು ಪರ್ಸಿನಿಂದ ನಾಲ್ಕಾಗಿ ಮಡಿಸಿದ್ದ ನನ್ನ ಚೀಟಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಮಡಿಕೆಗಳಲ್ಲಿ ಕಾಗದ ಸವೆದು ಹೋಗಿತ್ತು.

"ದಿನಾ ರಾತ್ರಿ ಇದನ್ನ ನೋಡ್ಕೊಂಡು ಮಲಗ್ತಿದ್ದೆ ಅಣ್ಣ" ಅಂದಳು. "ಇನ್ನೊಂದೇ ಮೆಟ್ಟಿಲಲ್ವಾ ಅಂತ."

ಒಳಗೆ ಪುಟ್ಟಿ ಮಗ್ಗಿ ಹೇಳುತ್ತಿದ್ದವಳು ನಿಲ್ಲಿಸಿದಳು. ಆ ಮಗು ಐದು ವಾರದಿಂದ ದೊಡ್ಡವರು ದನಿ ತಗ್ಗಿಸಿದಾಗಲೆಲ್ಲ ಹೀಗೆ ಕಿವಿಯಾಗಿಬಿಡುತ್ತಿತ್ತು.

ವಕೀಲೆ ಶನಿವಾರ ಭಾನುವಾರ ಕೂತು ಎಲ್ಲ ಹೊಸದಾಗಿ ಟೈಪು ಮಾಡಿಸಿದಳು. ತಪ್ಪು ಕೋರ್ಟಿನಲ್ಲಿ ಕಳೆದ ದಿನಗಳನ್ನು ಹೈಕೋರ್ಟು ಮನ್ನಿಸಬಹುದು, ಅದಕ್ಕೆ ಕಾನೂನಿದೆ, ಆದರೆ ಸೋಮವಾರದ ಹತ್ತೂವರೆಯನ್ನು ತಡೆಯಲು ಕಾನೂನಿಗೂ ಕೈಕಾಲು ಬೇಕು ಎಂದಳು. ಅಪೀಲು ಹಾಕಿದ ಮಾತ್ರಕ್ಕೆ ಏನೂ ನಿಲ್ಲುವುದಿಲ್ಲ. ತಡೆಯಾಜ್ಞೆ ಸಿಗಬೇಕು, ಸಿಕ್ಕ ಆಜ್ಞೆ ಕಾಗದವಾಗಬೇಕು, ಆ ಕಾಗದ ಸೇತುವೆ ದಾಟಿ ಬರಬೇಕು.

ಸೋಮವಾರ ಒಂಬತ್ತಕ್ಕೆ ಹೈಕೋರ್ಟಿನ ಕಿಟಕಿಯೆದುರು ಸಾಲಿನಲ್ಲಿ ನಿಂತೆ. ಹುಟ್ಟಿದಾರಭ್ಯ ಕಿಟಕಿಯ ಒಳಗಿದ್ದವನು ನಾನು. ಹೊರಗೆ ನಿಂತರೆ ಮೊಣಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಒಳಗಿದ್ದವನು ತಲೆಯೆತ್ತದೆ, ಇದು ಇಲ್ಲಲ್ಲ, ಎಂಟನೇ ಕಿಟಕಿ ಎಂದ. ಎಂಟನೆಯವನು ಮೂರನೆಯದಕ್ಕೆ ಕಳಿಸಿದ. ಅವರ ದನಿಯಲ್ಲಿ ನನ್ನದೇ ದನಿ ಇತ್ತು. ನಾಚಿಕೆಪಡುವುದಕ್ಕೂ ಪುರುಸೊತ್ತಿರಲಿಲ್ಲ, ಗಡಿಯಾರ ಹತ್ತು ತೋರಿಸುತ್ತಿತ್ತು.

ವಕೀಲೆ ಹೇಗೋ ಜಡ್ಜರ ಮುಂದೆ ತುರ್ತು ಎಂದು ಬಿನ್ನವಿಸಿಕೊಂಡಳು. ಹನ್ನೊಂದೂ ಹತ್ತಕ್ಕೆ ನಮ್ಮದನ್ನು ಕರೆದರು. ಮುದುಕ ಜಡ್ಜರು ಕೆಂಪು ಶಾಯಿಯ ಸಾಲನ್ನು ಓದಿ, ಇಂಥ ತಪ್ಪು ಮಾಡಿಸಿದ ಮಹಾನುಭಾವ ಯಾರು ಎಂದು ಕೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಎದ್ದು ನಿಂತೆ. ಅವರು ಕನ್ನಡಕದ ಮೇಲಿಂದ ನೋಡಿ ಕೂರಲು ಸನ್ನೆ ಮಾಡಿದರು. ಮುಂದಿನ ವಿಚಾರಣೆಯವರೆಗೆ, ಅಂದರೆ ನಾಲ್ಕು ವಾರ, ಮಗು ತಾಯಿಯ ಬಳಿಯೇ ಇರಲಿ ಎಂದರು.

ಹೊರಗೋಡಿ ಬೇಲಿಫನಿಗೆ ಫೋನು ಮಾಡಿದೆ. ಕೋರ್ಟಿನ ಹುಕುಮನ್ನು ಮನೆಬಾಗಿಲಿಗೆ ಒಯ್ದು ಜಾರಿ ಮಾಡುವವನು ಅವನು. ಕೆಲಸಕ್ಕೆ ಸೇರಿದಾಗ ನಾನೇ ಅವನಿಗೆ ಪಾಠ ಹೇಳಿದ್ದೆ: ಬಾಯಿಮಾತು ನಂಬಬೇಡ, ಮೊಹರಿರುವ ಕಾಗದ ಮಾತ್ರ ನಂಬು, ಹುಕುಮನ್ನು ಓದಿ ಹೇಳದೆ ಜಾರಿ ಮಾಡಬೇಡ. ಎಲ್ಲ ಬೇಲಿಫರೂ ಕೊನೆಯ ಪುಟವನ್ನಷ್ಟೇ ಗಡಗಡ ಓದಿ ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಇವನೂ ಅಷ್ಟೇ. ಕಾಗದದ ವಿಷಯದಲ್ಲಿ ಮಾತ್ರ ಇವನ ಹಟಕ್ಕೆ ಎಲ್ಲರೂ ಇವನನ್ನು ಫುಲ್‌ಸ್ಟಾಪ್ ಎನ್ನುತ್ತಿದ್ದರು.

ತಡೆ ಸಿಕ್ಕಿದೆ, ನಿಲ್ಲಿಸು ಎಂದೆ.

"ಕಾಗದ ಕೈಗೆ ಬರಲಿ ಸಾರ್" ಎಂದ. ಅವನ ಹಿಂದೆ ಪುಟ್ಟಿಯ ಅಪ್ಪನ ದನಿ ಕೇಳುತ್ತಿತ್ತು, ಹೊತ್ತಾಯಿತು ಎಂದು.

ಟೈಪಾಗಬೇಕು, ಸಹಿಯಾಗಬೇಕು, ಮೊಹರು ಬೀಳಬೇಕು, ಒಂದು ಗಂಟೆ ಮೇಲಾಗುತ್ತದೆ, ನಿನ್ನ ಕಾಲಿಗೆ ಬೀಳುತ್ತೇನೆ ಎಂದೆ. ಆ ಮಾತು ನನ್ನ ಬಾಯಿಂದ ಬಂದಿದ್ದು ಅದೇ ಮೊದಲು.

ಅವನ ಕಡೆಯಿಂದ ಹಾಳೆ ಮಗುಚುವ ಸದ್ದು ಕೇಳಿತು. "ಹುಕುಂ ಒಟ್ಟು ಐವತ್ತೆರಡು ಪುಟ ಅಲ್ವಾ?"

"ಹೌದು."

"ಹೂಂ" ಎಂದು ಫೋನಿಟ್ಟ.

ನನಗೆ ಏನೂ ಅರ್ಥವಾಗಲಿಲ್ಲ. ಟೈಪಿಸ್ಟನ ಬೆನ್ನಿಗೆ ನಿಂತೆ. ಅವನು ಒಂದು ಅಕ್ಷರ ತಪ್ಪಿ ಹಾಳೆ ಬದಲಾಯಿಸಿದಾಗ ನಾನೇ ಹೊಸ ಹಾಳೆ ಎತ್ತಿ ಕೊಟ್ಟೆ. ಮೊಹರು ಬಿದ್ದಾಗ ಹನ್ನೆರಡೂ ನಲವತ್ತು. ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತಿತ್ತು. ಆಟೋ ಇಳಿದು ಓಡಿದೆ. ಬೀದಿಯಲ್ಲಿ ಸೂಟ್‌ಕೇಸು ಹಿಡಿದ ಪ್ರತಿಯೊಬ್ಬನ ಪಕ್ಕದಲ್ಲೂ ಒಂದು ಮಗು ಇದೆಯೇ ಎಂದು ಹುಡುಕಿದೆ. ತಂಗಿಗೆ ಹೇಗೆ ಮುಖ ತೋರಿಸಲಿ ಎಂಬುದಕ್ಕಿಂತ, ತೋರಿಸುವ ಹೊತ್ತಿಗೆ ಅವಳು ಏನು ಮಾಡಿಕೊಂಡಿರುತ್ತಾಳೋ ಎಂಬ ಭಯ ನನ್ನನ್ನು ಅಟ್ಟುತ್ತಿತ್ತು.

ತಂಗಿಯ ಮನೆಯ ಬಾಗಿಲು ತೆರೆದಿತ್ತು. ಒಳಗಿನಿಂದ ಒಡೆದ ಗಂಟಲಿನ ಒಂದು ದನಿ ಬರುತ್ತಿತ್ತು.

ಬೇಲಿಫ ಹಜಾರದ ನಡುವೆ ನಿಂತು ಓದುತ್ತಿದ್ದ. ಬಲಗೈಯಲ್ಲಿ ಹುಕುಂ, ಎಡಗೈಯಲ್ಲಿ ನೀರಿನ ಲೋಟ. ನನ್ನ ಫೋನು ಬರುವವರೆಗೆ ಗುರುತುಪತ್ರ ನೋಡಿ, ಹೆಸರು ಕೇಳಿ ಹೊತ್ತು ಕಳೆದು, ಆಮೇಲೆ ಮೊದಲ ಪುಟದ ಮೊದಲ ಅಕ್ಷರದಿಂದ ಶುರುಮಾಡಿದ್ದನಂತೆ. ಕೇಸಿನ ಸಂಖ್ಯೆ, ವಕೀಲರ ವಿಳಾಸ, ಸಾಕ್ಷಿಗಳ ಪಟ್ಟಿ, ಒಂದನ್ನೂ ಬಿಟ್ಟಿರಲಿಲ್ಲ. ಪುಟ್ಟಿಯ ಅಪ್ಪ ಕೊನೆಯದನ್ನು ಓದಪ್ಪ ಎಂದು ಮೈಮೇಲೆ ಬಿದ್ದಾಗ, ಓದಿ ಹೇಳಬೇಕು ಅಂತ ನಿಯಮ ಇದೆ, ಎಷ್ಟು ಅಂತ ಬರೆದಿಲ್ಲ ಎಂದಿದ್ದನಂತೆ. ತಂಗಿ ಮಗುವನ್ನು ಒಳಗೆ ಕಳಿಸಲು ನೋಡಿದ್ದಳು. ಹಿತ್ತಿಲ ಬಾಗಿಲಿನಿಂದ ಸಾಗಿಸುತ್ತೀಯಾ, ಅವಳು ನನ್ನ ಕಣ್ಣೆದುರೇ ಇರಲಿ ಎಂದು ಪುಟ್ಟಿಯ ಅಪ್ಪ ಬಿಟ್ಟಿರಲಿಲ್ಲ.

ನಾನು ಕಾಗದ ಚಾಚಿದೆ. ಬೇಲಿಫ ನಲವತ್ತೊಂಬತ್ತನೆಯ ಪುಟದ ಆ ಸಾಲನ್ನು ಮುಗಿಸಿ, ನನ್ನದನ್ನು ತೆಗೆದುಕೊಂಡು ಮೊಹರನ್ನು ಬೆಳಕಿಗೆ ಹಿಡಿದು ನೋಡಿ, ಅದನ್ನೂ ಪೂರ್ತಿ ಓದಿದ. ಈವತ್ತು ಜಾರಿ ಇಲ್ಲ ಎಂದು ಪುಟ್ಟಿಯ ಅಪ್ಪನಿಗೆ ಹೇಳಿದ. ಅವನು ನಾಲ್ಕು ವಾರ ತಾನೇ ಎನ್ನುತ್ತ ಬಾಗಿಲು ಬಡಿದುಕೊಂಡು ಹೋದ. ತಂಗಿ ಗೋಡೆಗೊರಗಿ ನೆಲಕ್ಕೆ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಬೇಲಿಫನಿಗೆ ಕಾಫಿ ಮಾಡುತ್ತೇನೆಂದು ಆಮೇಲೆ ತಾನೇ ಎದ್ದು ಒಳಗೆ ಹೋದಳು.

ಪುಟ್ಟಿ ಚಾಪೆಯ ಮೇಲೆ ಮೊಣಕಾಲು ತಬ್ಬಿಕೊಂಡು ಕೂತೇ ಇದ್ದಳು. ನಾನು ಪಕ್ಕದಲ್ಲಿ ಕೂತು, ಎಲ್ಲೂ ಹೋಗಬೇಕಾಗಿಲ್ಲ ಕಂದ ಎಂದೆ. ಅವಳು ತಲೆಯಾಡಿಸಿದಳು.

"ಮಾವ, ಇಪ್ಪತ್ಮೂರನೇ ಪುಟದಲ್ಲಿತ್ತು. ನಾನು ಹೊಟ್ಟೇಲಿದ್ದಾಗ ಅಮ್ಮ ನನ್ನ ಬೇಡ ಅಂದಿದ್ಳಂತೆ. ಹೌದಾ?"

ಬೇಲಿಫ ಲೋಟವನ್ನು ಕೆಳಗಿಟ್ಟ. ಅದು ಒಂದು ಕಡೆಯವರು ಹೇಳಿದ್ದು, ಜಡ್ಜರು ನಿಜ ಎಂದು ಬರೆದಿಲ್ಲ, ಸುಮ್ಮನೆ ಹೇಳಿಕೆ ಎಂದು ದಾಖಲಿಸಿದ್ದಾರೆ ಎಂದು ನಾನು ಶುರುಮಾಡಿದೆ. ಕಿಟಕಿಯಲ್ಲಿ ಹೇಳುವ ಹಾಗೆಯೇ ಹೇಳಿದೆ. ಅರ್ಧಕ್ಕೆ ನನಗೇ ಅಸಹ್ಯವಾಗಿ ನಿಲ್ಲಿಸಿದೆ.

"ಅದನ್ನ ಅಳಿಸೋಕೆ ಯಾವ ಕೋರ್ಟಿಗೆ ಹೋಗ್ಬೇಕು?" ಎಂದಳು.

ನನ್ನ ಜೇಬಿನಲ್ಲಿ ಪೆನ್ನಿತ್ತು. ತಂಗಿ ಕಾಫಿಯ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಪುಟ್ಟಿ ಉತ್ತರಕ್ಕಾಗಿ ನನ್ನನ್ನು ನೋಡುತ್ತಿರಲಿಲ್ಲ, ಅಮ್ಮನನ್ನು ನೋಡುತ್ತಿದ್ದಳು.