ಇನ್ನೊಂದು ಹೆಜ್ಜೆ ಹಿಂದೆ

“ನಿಲ್ಸು, ನಿಲ್ಸು, ನಿಲ್ಸು!”

ಹಿಂದಿನ ಸೀಟಿನಿಂದ ಅಪ್ಪ ಕೂಗಿದ್ದಕ್ಕೆ ಮಗಳು ಬ್ರೇಕೇನೋ ಒತ್ತಿದಳು. ಆದರೆ ಬೆಳಗಿನಿಂದ ಇದೇ ರಾಗ ಕೇಳಿ ಕೇಳಿ ಅವಳಿಗೆ ಸಾಕಾಗಿ ಹೋಗಿತ್ತು. ವ್ಯಾನು ಜಲ್ಲಿಯ ಮೇಲೆ ಕರಕರ ಎನ್ನುತ್ತ ಒಂದಿಷ್ಟು ಜಾರಿ ನಿಂತಿತು.

“ಅಪ್ಪಾ, ನಿನಗಿಂತ ನನ್ನ ಶಾಲೆ ಮಕ್ಕಳೇ ವಾಸಿ. ಒಂದ್ಸಲ ಗದರಿದ್ರೆ ಸಾಯಂಕಾಲದವರೆಗೂ ಸುಮ್ನಿರ್ತಾರೆ.”

“ಆಮೇಲೆ ಬೈಯುವಂತೆ. ಆ ಕಡೆ ನೋಡು ಮೊದ್ಲು!”

ಮಗಳು ಕತ್ತು ತಿರುಗಿಸಿದಳು. ರಸ್ತೆಯ ಆಚೆ, ಕಪ್ಪು ಬಂಡೆಯ ಗೋಡೆಯ ಮೇಲಿಂದ ಒಂದು ತೊರೆ ಕಡಲಿಗೆ ಧುಮುಕಲು ಹೊರಟಿತ್ತು. ಆದರೆ ಕೆಳಗಿನಿಂದ ಬೀಸುವ ಗಾಳಿ ಅದನ್ನು ಬೀಳಲು ಬಿಡುತ್ತಿರಲಿಲ್ಲ. ಅರ್ಧ ದಾರಿ ಇಳಿದ ನೀರು ಅಲ್ಲಿಂದಲೇ ಮನಸ್ಸು ಬದಲಾಯಿಸಿ ಮೇಲಕ್ಕೆ ತಿರುಗುತ್ತಿತ್ತು. ಹೊಗೆಯಾಗಿ ಎದ್ದು, ತಾನು ಹೊರಟ ಹುಲ್ಲಿನ ಮೇಲೇ ಬಂದು ಹರಡುತ್ತಿತ್ತು. ಮೇಲಕ್ಕೆ ಬೀಳುವ ಜಲಪಾತವನ್ನು ಮೂವರಲ್ಲಿ ಯಾರೂ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ವ್ಯಾನಿನ ಗಾಜಿನ ಮೇಲೆ ಸಣ್ಣ ಹನಿಗಳು ಕೂತವು.

ಫೋಟೋಗ್ರಾಫರ್ ಆಗಿದ್ದ ಅಪ್ಪ ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿದ. “ಇದನ್ನ ಬರೀಬಹುದಲ್ವಾ?”

“ಹೂಂ,” ಎಂದಳು ಅವಳು.

ಇಷ್ಟು ವರ್ಷದ ಸಂಸಾರದಲ್ಲಿ ಅವಳ ಹೂಂಗಳಲ್ಲಿ ಎಷ್ಟು ಬಗೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇದು ಒಪ್ಪುವ ಹೂಂ ಅಲ್ಲ, ಮಾತು ಮುಗಿಸುವ ಹೂಂ. ಅವಳ ತೊಡೆಯ ಮೇಲಿದ್ದ ಹೊಸ ಡ್ರಾಯಿಂಗ್ ಪುಸ್ತಕದ ರಟ್ಟು ಇನ್ನೂ ತೆರೆದಿರಲಿಲ್ಲ. ಬೆಳಗ್ಗೆ ಅದನ್ನೇ ತಟ್ಟೆ ಮಾಡಿಕೊಂಡು ಬ್ರೆಡ್ ತಿಂದಿದ್ದರಿಂದ ಅದರ ಮೇಲೆ ಚೂರುಗಳು ಉಳಿದಿದ್ದವು.

ಊರಿನಲ್ಲಿ ಅವರದೊಂದು ಸ್ಟುಡಿಯೋ. ಫೋಟೋ ತೆಗೆಯುವವನು ಅವನು, ಹಿಂದಿನ ಪರದೆಗಳನ್ನು ಬರೆಯುವವಳು ಅವಳು. ಹೂದೋಟ, ಕಮಾನಿನ ಬಾಗಿಲು, ಮೆಟ್ಟಿಲ ಮೇಲೆ ಚಂದ್ರ ಇಳಿದು ಬಂದ ಅರಮನೆ, ಎಲ್ಲ ಇದ್ದವು. ಆದರೆ ಜನ ಕೇಳಿ ನಿಲ್ಲುತ್ತಿದ್ದದ್ದು ಕಡಲಿನ ಮುಂದೆ. ಹೊಸದಾಗಿ ಮದುವೆಯಾದವರು, ಹಲ್ಲು ಮೂಡದ ಕೂಸುಗಳು, ನಿವೃತ್ತರಾದ ಗುಮಾಸ್ತರು, ಊರಿನ ಅರ್ಧ ಜನ ಆ ನೀಲಿಯ ಮುಂದೆ ನಿಂತು ನಕ್ಕಿದ್ದಾರೆ. ಬರೆದವಳು ಮಾತ್ರ ಕಡಲು ಕಂಡವಳಲ್ಲ. ಯಾವುದೋ ಕ್ಯಾಲೆಂಡರಿನ ಹಾಳೆ ಎದುರಿಗಿಟ್ಟುಕೊಂಡು, ಎಡಕ್ಕೆ ಒಂದು ಬಂಡೆ, ಬಲಕ್ಕೆ ಒಂದು ಹಾಯಿದೋಣಿ, ಮೇಲೆ ನಾಲ್ಕು ಹಕ್ಕಿ ಎಂದು ಬರೆದುಕೊಂಡು ಬಂದಿದ್ದಳು. ನಡುಭಾಗಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಲ್ಲಿ ಹೇಗೂ ಜನ ನಿಲ್ಲುತ್ತಾರೆ, ನೀಲಿ ಬಳಿದರೆ ಆಯಿತು.

ಹೋದ ವರ್ಷ ಕಡಲ ಕಡೆಯಿಂದ ವರ್ಗವಾಗಿ ಬಂದ ಸಂಸಾರವೊಂದು ಫೋಟೋಗೆ ಬಂದಿತ್ತು. ಅವರ ಪುಟ್ಟ ಹುಡುಗಿ ಪರದೆಯ ಹತ್ತಿರ ಹೋಗಿ ಬೆರಳಲ್ಲಿ ಮುಟ್ಟಿ ನೋಡಿ, “ಅಮ್ಮಾ, ಈ ನೀರು ಯಾಕೆ ಸತ್ತೋಗಿದೆ?” ಎಂದು ಕೇಳಿದಳು. ತಾಯಿ ನಾಲಿಗೆ ಕಚ್ಚಿಕೊಂಡಳು. ಉಳಿದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಫೋಟೋಗ್ರಾಫರೇ. ಗಿರಾಕಿ ನಕ್ಕಾಗ ನಗುವುದು ಅವನ ಕಸುಬಿನ ಅರ್ಧ ಭಾಗ.

ಆ ಸಂಜೆಯೇ ಅವಳು ಪರದೆಯನ್ನು ಇಳಿಸಿ ಮಡಚಿಟ್ಟಳು. ಅವನು ಮರುದಿನವೇ ಹೊಸ ಬಟ್ಟೆ ತಂದು, ಗಂಜಿ ಹಾಕಿ, ಬಿಳಿ ಬಳಿದು, ಚೌಕಟ್ಟಿಗೆ ಬಿಗಿದು ನಿಲ್ಲಿಸಿದ. ಅದು ಹಾಗೇ ನಿಂತೇ ಇತ್ತು. ಅವಳು ಜಗಳವಾಡಲಿಲ್ಲ, ಅಳಲಿಲ್ಲ. ಕಸ ಗುಡಿಸಿದಳು, ಗಿರಾಕಿಗಳ ಕೈಗೆ ಬಾಚಣಿಗೆ ಕೊಟ್ಟಳು, ಮಕ್ಕಳ ಮೂಗು ಒರೆಸಿದಳು. ಬಣ್ಣದ ಡಬ್ಬಗಳ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಪರದೆ ಇಲ್ಲದಿದ್ದರೂ ಕಸುಬು ನಡೆಯುತ್ತದೆ. ಈಗ ಯಾವ ಕಡಲನ್ನು ಬೇಕಾದರೂ ಕಂಪ್ಯೂಟರಿನಲ್ಲಿ ಅಂಟಿಸಬಹುದು. ಅವನ ಸಂಕಟ ಅದಲ್ಲ. ಕುಂಚ ಬಿಟ್ಟ ಮೇಲೆ ಅವಳು ಸ್ವಂತ ಮನೆಯಲ್ಲೇ ಬಾಡಿಗೆಗೆ ಇರುವವಳ ಹಾಗೆ ಓಡಾಡುತ್ತಿದ್ದಳು. ಅದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ.

ಅದಕ್ಕೇ ಶಾಲೆಗೆ ರಜೆ ಬಿದ್ದದ್ದೇ ತಡ, ಶಾಲೆಯ ವ್ಯಾನು ಓಡಿಸುವ ಮಗಳ ಬೆನ್ನು ಹತ್ತಿದ. “ಛತ್ರಿ, ಕುರ್ಚಿ ಹಾಕಿರೋ ಕಡಲು ಬೇಡ ಕಣೇ. ಎಲ್ಲಿ ನೀರಿಗೆ ಜೀವ ಇದೆಯೋ ಅಲ್ಲಿಗೆ ಕರ್ಕೊಂಡು ಹೋಗು.”

ಕರೆದುಕೊಂಡು ಬಂದಿದ್ದಳು. ಕೊನೆಯ ಪೆಟ್ರೋಲ್ ಬಂಕಿನ ಹೆಂಗಸು ಟ್ಯಾಂಕು ತುಂಬಿಸಿ, “ಮುಂದೆ ಏನೂ ಇಲ್ಲ,” ಎಂದಿದ್ದಳು. ಆ ‘ಏನೂ ಇಲ್ಲ’ದ ಒಳಗೆ ಇಷ್ಟೆಲ್ಲ ಇದ್ದೀತೆಂದು ಫೋಟೋಗ್ರಾಫರ್ ಎಣಿಸಿರಲಿಲ್ಲ. ಗಿಡಗಳೆಲ್ಲ ಒಂದೇ ಕಡೆಗೆ ತಲೆ ಬಾಚಿಸಿಕೊಂಡು ನಿಂತಿದ್ದವು. ನೀರಿನ ನಡುವೆ ಕಪ್ಪು ಕಂಬಗಳಂತೆ ಬಂಡೆಗಳು ಎದ್ದಿದ್ದವು. ಅವುಗಳ ನೆತ್ತಿ ಬೆಳ್ಳಗಿತ್ತು. ಹತ್ತಿರ ಹೋದರೆ ಆ ಬಿಳಿಯೇ ಎದ್ದು ಹಾರಿತು, ಎಲ್ಲ ಹಕ್ಕಿಗಳು. ಒಂದು ಕಡೆ ಅಲೆ ಬಂಡೆಯ ಬಿಲದೊಳಗೆ ನುಗ್ಗಿ, ಎಷ್ಟೋ ದೂರದ ಹುಲ್ಲುಗಾವಲಿನ ತೂತಿನಿಂದ ಬುಸ್ಸೆಂದು ಚಿಮ್ಮುತ್ತಿತ್ತು. ಹಳ್ಳವೊಂದು ಸೇತುವೆಯ ಹಂಗಿಲ್ಲದೆ ರಸ್ತೆಯ ಮೇಲೇ ಹರಿದಿತ್ತು. ಮಗಳು ಚಪ್ಪಲಿ ಬಿಚ್ಚಿ, ನೀರಿಗಿಳಿದು ಆಳ ನೋಡಿ ಬಂದು, “ಎಲ್ರೂ ಕೂತಿದ್ದೀರಾ? ಕೈ ಹೊರಗೆ ಹಾಕ್ಬಾರ್ದು!” ಎಂದು ಇದ್ದ ಇಬ್ಬರಿಗೇ ಕೂಗಿ ಹೇಳಿ ವ್ಯಾನು ದಾಟಿಸಿದ್ದಳು.

ಇಂಥ ಪ್ರತಿಯೊಂದು ಕಡೆಯಲ್ಲೂ ಅವನ ಬಾಯಿಯಿಂದ ಅದೇ ಪ್ರಶ್ನೆ, ಅವಳಿಂದ ಅದೇ ಹೂಂ. ನೋಡುತ್ತಿರಲಿಲ್ಲ ಎಂದಲ್ಲ. ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆದರೆ ಕಡಲು ದೊಡ್ಡದಾದಷ್ಟೂ ಅವಳು ಸೀಟಿನ ಮೂಲೆಗೆ ಸರಿಯುತ್ತಿದ್ದಳು.

ಈಗ ಅವಳು ಮೇಲಕ್ಕೆ ಬೀಳುವ ಆ ತೊರೆಯ ಹತ್ತಿರ ಮುಖ ತೊಳೆಯಲು ಇಳಿದಾಗ ಅವನು ಮಗಳ ಸೀಟಿನ ಹತ್ತಿರ ಬಗ್ಗಿದ. “ನಾನೇ ಕೆಡಿಸ್ಬಿಟ್ನೇನೋ ಕಣೇ. ಇದನ್ನೆಲ್ಲ ತೋರಿಸ್ದೇ ಇದ್ದಿದ್ರೆ ಎಂದಾದ್ರೂ ಒಂದಿನ ಬೇಜಾರು ಕಳೆದು ಕ್ಯಾಲೆಂಡರ್ ನೋಡ್ಕೊಂಡಾದ್ರೂ ಬರೀತಿದ್ಲು. ಇಷ್ಟು ದೊಡ್ಡದನ್ನ ನೋಡಿದ ಮೇಲೆ ಯಾರಿಗೆ ಕೈ ಬರುತ್ತೆ?”

“ಅಪ್ಪಾ, ನೀನು ಸ್ವಲ್ಪ ಹೊತ್ತು ಬಾಯಿಗೆ ಬೀಗ ಹಾಕ್ಕೊ. ‘ಬರೀಬಹುದಾ, ಬರೀಬಹುದಾ’ ಅಂತ ಪ್ರಾಣ ತಿಂದ್ರೆ ಯಾರು ಬರೀತಾರೆ? ನಾನಾಗಿದ್ರೆ ಕುಂಚ ನಿನ್ನ ಬೆನ್ನ ಮೇಲೇ ಮುರೀತಿದ್ದೆ.”

ಅವನು ಬೀಗ ಹಾಕಿಕೊಂಡ. ಅದು ಅವನ ಪಾಲಿಗೆ ಉಪವಾಸಕ್ಕಿಂತ ಕಷ್ಟದ ವ್ರತ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ರಸ್ತೆ ಮುಗಿಯಿತು. ಮುಗಿಯಿತು ಅಂದರೆ ಫಲಕವಿಲ್ಲ, ಬೇಲಿಯಿಲ್ಲ. ಜಲ್ಲಿ ಹೋಗಿ ಹುಲ್ಲಾಯಿತು, ಅಷ್ಟೆ. ಮಗಳು ಫ್ಲಾಸ್ಕಿನಲ್ಲಿದ್ದ ಚಹಾ ಬಗ್ಗಿಸಿಕೊಂಡು ಬರುತ್ತೇನೆಂದು ಹಿಂದುಳಿದಳು. ಗಂಡ ಹೆಂಡತಿ ಇಬ್ಬರೂ ಗಾಳಿಗೆ ಎದೆಯೊಡ್ಡಿ ಹುಲ್ಲಿನ ಮೇಲೆ ನಡೆದರು. ನೆಲ ಒಂದು ಕಡೆ ಥಟ್ಟನೆ ನಿಂತುಹೋಗಿತ್ತು. ಅದರಾಚೆಗೆ ಮೂರೂ ಕಡೆ ಕಡಲೇ ಕಡಲು. ದೂರದಲ್ಲಿ ಮಳೆಯ ಕಾಲೊಂದು ನೀರಿನ ಮೇಲೆ ನಡೆದು ಹೋಗುತ್ತಿತ್ತು. ಅದರ ಪಕ್ಕದಲ್ಲೇ ಬಿಸಿಲು ಬಿದ್ದ ಜಾಗ ಉರಿಯುತ್ತಿತ್ತು. ಅಲೆಗಳ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು. ಫೋಟೋಗ್ರಾಫರಿಗೆ ಸುಮ್ಮನೆ ಕಣ್ಣು ತುಂಬಿ ಬಂತು. ಇಂಥದ್ದೊಂದು ಇಷ್ಟು ದಿನವೂ ಇಲ್ಲೇ ಇತ್ತು, ಯಾರೂ ನೋಡದಿದ್ದರೂ ಹೀಗೇ ಮೊರೆಯುತ್ತಿತ್ತು ಎಂಬುದೇ ಅವನಿಗೆ ದೊಡ್ಡ ಸಂಗತಿಯಾಗಿ ಕಂಡಿತು.

ಆಗ ಅವಳು ಬಾಯಿ ಬಿಟ್ಟಳು.

“ಇದರ ಮುಂದೆ ನಾನು ಬರೆದಿದ್ದೆಲ್ಲ ಅಂಗಡಿ ಬೋರ್ಡು ಕಣ್ರೀ. ಊರಿಗೆ ಹೋದ ಮೇಲೆ ಆ ಬಿಳಿ ಬಟ್ಟೆ ಬಿಚ್ಚಿಬಿಡಿ. ಕಿಟಕಿಗಾದ್ರೂ ಆಗುತ್ತೆ.”

ಏನೂ ಹೊಳೆಯದಾಗ ಅವನು ಯಾವಾಗಲೂ ಮಾಡುವುದು ಒಂದೇ ಕೆಲಸ. ಹೆಗಲಿನಿಂದ ಕ್ಯಾಮೆರಾ ಇಳಿಸಿದ.

“ಆಯ್ತು ಬಿಡು. ಇಷ್ಟು ದೂರ ಬಂದಿದ್ದಕ್ಕೆ ಒಂದು ಫೋಟೋನಾದ್ರೂ ಇರ್ಲಿ. ಅಲ್ಲಿ ನಿಂತ್ಕೋ.”

ಬೇಡವೆನ್ನಲೂ ಅವಳಿಗೆ ಬೇಸರ. ಕಡಲಿಗೆ ಬೆನ್ನು ಮಾಡಿ ನಿಂತಳು. ಕ್ಯಾಮೆರಾಗೆ ಕಣ್ಣಿಟ್ಟರೆ ಅವನು ಬೇರೆಯೇ ಮನುಷ್ಯ. ಗಾಳಿಯಿಲ್ಲ, ದುಃಖವಿಲ್ಲ, ಇರುವುದು ಆ ಚೌಕಟ್ಟು ಮಾತ್ರ.

“ಗದ್ದ ಸ್ವಲ್ಪ ಕೆಳಗೆ. ಹಾಂ. ಒಂದ್ಹೆಜ್ಜೆ ಹಿಂದೆ.”

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಇನ್ನೊಂದ್ಹೆಜ್ಜೆ.”

ಸ್ಟುಡಿಯೋದಲ್ಲಿ ಊರಿನವರನ್ನೆಲ್ಲ ಭುಜ ಹಿಡಿದು ನಿಲ್ಲಿಸಿದವಳು ಅವಳೇ. ಹಿಂದೆ ಹೋಗಿ, ಇನ್ನೂ ಹೋಗಿ, ಬಟ್ಟೆ ಬೆನ್ನಿಗೆ ತಾಗಿದ ಕೂಡಲೇ ನಿಲ್ಲಿ ಎಂದು ಎಲ್ಲರಿಗೂ ಹೇಳಿಕೊಟ್ಟವಳು. ಈಗ ಅವಳ ಬೆನ್ನೂ ಅದನ್ನೇ ಕಾಯುತ್ತಿತ್ತು. ಬಟ್ಟೆ ಇನ್ನೂ ತಾಗಿರಲಿಲ್ಲ.

“ಇನ್ನೊಂದೇ ಒಂದು...”

“ಅಮ್ಮಾ! ಕೂತ್ಕೋ!”

ವ್ಯಾನಿನ ಬಳಿಯಿಂದ ಮಗಳು ಹಾಕಿದ ಕೂಗು ಅದು, ಬಸವಳಿದ ಮಧ್ಯಾಹ್ನಗಳಲ್ಲಿ ಸೀಟಿನ ಮೇಲೆ ಕುಣಿಯುವ ಮಕ್ಕಳನ್ನು ಒಂದೇ ಏಟಿಗೆ ಕೂರಿಸುವ ದನಿ. ಯಾಕೆ, ಏನು ಎಂದು ಕೇಳದೆ ಹೆಂಡತಿ ಇದ್ದಲ್ಲೇ ಧೊಪ್ಪನೆ ಕೂತುಬಿಟ್ಟಳು. ಅವಳ ಹಿಮ್ಮಡಿಯ ಕೆಳಗಿನ ಕಲ್ಲೊಂದು ಕಳಚಿ ಹಿಂದಕ್ಕೆ ಹೋಯಿತು. ಅದು ಬಿದ್ದ ಸದ್ದು ಯಾರಿಗೂ ಕೇಳಿಸಲಿಲ್ಲ.

ಕ್ಯಾಮೆರಾ ಎಲ್ಲಿ ಬಿತ್ತೆಂದು ಫೋಟೋಗ್ರಾಫರ್ ನೋಡಲಿಲ್ಲ. ಅಂಬೆಗಾಲಿನಲ್ಲಿ ಹೋಗಿ ಅವಳ ಎರಡೂ ತೋಳು ಹಿಡಿದು ತನ್ನ ಕಡೆಗೆ ಎಳೆದುಕೊಂಡ.

“ನಾನೇ ಹೇಳಿದ್ದು... ಹಿಂದೆ ಹೋಗು ಅಂತ ನಾನೇ ಹೇಳಿದ್ದು...” ಎಂದು ಮಗುವಿನ ಹಾಗೆ ಅತ್ತ.

ಮಗಳು ಓಡಿ ಬಂದಳು. ಅವಳ ಅಂಗಿಯ ತುಂಬ ಚಹಾ. “ಇಬ್ಬರಿಗೂ ತಲೆ ನೆಟ್ಟಗಿದ್ಯಾ? ಹೇಳೋನಿಗಂತೂ ಇಲ್ಲ, ಕೇಳೋಳಿಗೂ ಬೇಡ್ವಾ? ವ್ಯಾನಲ್ಲಿ ಕಟ್ಟಿಹಾಕಿ ಕರ್ಕೊಂಡು ಹೋಗ್ತೀನಿ ಇವತ್ತು!” ಎಂದು ಬೈಯುತ್ತಲೇ ಅಮ್ಮನ ಭುಜ ಬಿಗಿಯಾಗಿ ಹಿಡಿದುಕೊಂಡಳು.

ಅಮ್ಮನಿಗೆ ಎರಡೂ ಕೇಳಿಸಿದಂತಿರಲಿಲ್ಲ. ಒಂದು ಕೈ ಹಿಂದಕ್ಕೆ ಚಾಚಿ ತನ್ನ ಬೆನ್ನ ಹಿಂದಿನ ಗಾಳಿಯನ್ನು ತಡವುತ್ತಿದ್ದಳು.

“ಬಟ್ಟೆ ತಾಗುತ್ತೆ ಅಂತ ಕಾಯ್ತಾ ಇದ್ದೆ ಕಣ್ರೀ,” ಎಂದಳು. ಅವಳ ಮುಖ ಬಿಳಿಚಿತ್ತು, ಆದರೆ ತುಟಿಯ ಕೊನೆಯಲ್ಲಿ ನಗುವಿನಂಥದ್ದೇನೋ ಇತ್ತು. “ಗಾಳಿ ಬಂತು. ಕೆಳಗಿಂದ. ತಣ್ಣಗೆ, ಕತ್ತಿನವರೆಗೂ.”

ಆಮೇಲೆ ಇಬ್ಬರ ಕೈಯನ್ನೂ ಬಿಡಿಸಿಕೊಂಡು, ತಿರುಗಿ, ಹುಲ್ಲಿನ ಮೇಲೆ ಬೋರಲು ಮಲಗಿದಳು.

“ಕಾಲು ಹಿಡ್ಕೊಳ್ಳಿ.”

“ಏನಂದೆ?”

“ಕಾಲು ಹಿಡ್ಕೊಳ್ಳಿ ಅಂದೆ. ಬಲಗಾಲು ನಿಮ್ಮದು, ಎಡಗಾಲು ಅವಳದು. ಕೆಳಗೆ ನೋಡ್ಬೇಕು.”

“ಅಮ್ಮಾ, ಬೇಡ. ಈಗ ತಾನೇ...”

“ಅದಕ್ಕೇ ಹಿಡ್ಕೊಳ್ಳಿ ಅಂದಿದ್ದು.”

ಹೆಂಡತಿಯ ಕಾಲು ಹಿಡಿಯುವ ಪ್ರಸಂಗ ಸಂಸಾರದಲ್ಲಿ ಅವನಿಗೆ ಹೊಸದಲ್ಲ. ನಿಜವಾಗಿ ಕೈಯಲ್ಲೇ ಹಿಡಿದದ್ದು ಇದೇ ಮೊದಲು. ಅವಳು ಮೊಣಕೈ ಊರಿಕೊಂಡು ಇಷ್ಟಿಷ್ಟೇ ಮುಂದೆ ತೆವಳಿದಳು. ಮೊದಲು ತಲೆ ಅಂಚಿನಾಚೆ ಹೋಯಿತು, ಆಮೇಲೆ ಭುಜ. ಅವನಿಗೆ ಕಾಣುತ್ತಿದ್ದದ್ದು ಅವಳ ಅಂಗಾಲು ಮಾತ್ರ, ಬಿರುಕಿನಲ್ಲಿ ಮಣ್ಣು ಮೆತ್ತಿದ ಅಂಗಾಲು. ಅವನು ಕೆಳಗೆ ನೋಡುವ ಧೈರ್ಯ ಮಾಡಲಿಲ್ಲ. ಕೆನ್ನೆಯನ್ನು ಒದ್ದೆ ಹುಲ್ಲಿಗೆ ಒತ್ತಿಕೊಂಡು, ಎರಡೂ ಕೈಗಳಲ್ಲಿ ಅವಳ ಕಣಕಾಲು ಬಿಗಿಹಿಡಿದು ಮಲಗಿದ. ಪಕ್ಕದಲ್ಲಿ ಮಗಳ ಉಸಿರು ಕೇಳುತ್ತಿತ್ತು.

“ನೊರೆ ಬಿಳಿ ಅಲ್ಲಾರೀ!”

ಗಾಳಿ ಅರ್ಧ ತಿಂದು ಅರ್ಧ ಮೇಲೆ ತಂದ ದನಿ. ಅವನು ತಲೆ ಎತ್ತಿದ.

“ಬೂದಿ! ಬೂದಿಗೆ ಒಂದು ಚಮಚ ಹಳದಿ ಹಾಕಿ!”

ಸ್ಟುಡಿಯೋದಲ್ಲಿ ಬಣ್ಣ ಕಲಸುವುದು ಅವನ ಕೆಲಸ. ಏಣಿಯ ಮೇಲೆ ನಿಂತು, ತಿರುಗಿಯೂ ನೋಡದೆ ಅವಳು ಕೂಗುವುದು, ಕೆಳಗೆ ಕುಕ್ಕರುಗಾಲಲ್ಲಿ ಕೂತು ಅವನು ಡಬ್ಬಕ್ಕೆ ಸುರಿಯುವುದು. ಆ ದನಿಯನ್ನು ಮತ್ತೆ ಕೇಳುತ್ತೇನೆಂಬ ಆಸೆಯನ್ನೇ ಅವನು ಬಿಟ್ಟಾಗಿತ್ತು.

“ಹಾಕ್ದೆ!” ಎಂದು ಕೂಗಿದ.

“ಬಂಡೆಗೆ ಕಪ್ಪು ಮುಟ್ಟಿಸ್ಬೇಡಿ! ನೇರಳೆ. ನೇರಳೆ ಮೇಲೆ ಹಸಿರು ಬೀಳ್ಲಿ!”

“ಎಷ್ಟು?”

“ನೀವು ಸುರೀತಾ ಇರಿ. ನಾನು ಸಾಕು ಅಂತೀನಿ!”

ಮಗಳು ಅಪ್ಪನ ಮುಖ ನೋಡಿದಳು. ಎಡಗಾಲಿನ ಮೇಲಿನ ಹಿಡಿತವನ್ನು ಸ್ವಲ್ಪ ಬಿಗಿ ಮಾಡಿದಳು. ಅವರ ಕೆಳಗೆ ಎಲ್ಲೋ ದೊಡ್ಡ ಅಲೆಯೊಂದು ಬಂಡೆಗೆ ಅಪ್ಪಳಿಸಿತು. ನೆಲ ಮೂವರ ಹೊಟ್ಟೆಯ ಅಡಿಯಲ್ಲೂ ಒಮ್ಮೆ ನಡುಗಿತು.

“ಸಾಕಾ?” ಎಂದು ಅವನು ಕೂಗಿ ಕೇಳಿದ.

“ಇನ್ನೂ!”

ಫೋಟೋಗ್ರಾಫರ್ ಕಣ್ಣು ಮುಚ್ಚಿಕೊಂಡು ಇನ್ನೂ ಸುರಿದ.