ಎರಡು ಗಂಟಿನ ಡಬ್ಬಿ

ಮಳೆ ಬರಬೇಕಾಗಿತ್ತು, ಬಂದಿರಲಿಲ್ಲ. ನಮ್ಮ ದ್ವೀಪದ ಗುಯಾವ್ ಪಟ್ಟಣದ ಬೆನ್ನಿಗೆ ಎದ್ದುನಿಂತ ಹಸಿರು ಗಿರಿಶಿಖರದ ಮೇಲೆ ಮೂರು ದಿನಗಳಿಂದ ನೀಲಮೇಘಗಳ ಸಾಲೊಂದು ಬಂದು ಕೂತು, ಈಗ ಸುರಿಯುತ್ತೇನೆ, ಇನ್ನೊಂದು ಗಳಿಗೆಗೆ ಸುರಿಯುತ್ತೇನೆ ಎಂದು ಆಸೆ ತೋರಿಸುತ್ತ, ಸಂಜೆಯಾಗುವಷ್ಟರಲ್ಲಿ ಒಂದು ಹನಿಯನ್ನೂ ಕೊಡದೆ ಕಡಲಿನ ಕಡೆಗೆ ಜಾರಿಹೋಗುತ್ತಿತ್ತು... ಕೆಳಗೆ, ಅಪರಾಹ್ನದ ಹೊಂಬಿಸಿಲಿನಲ್ಲಿ ಕಣ್ಣು ಕೋರೈಸುವ ಸಮುದ್ರ. ಅದರ ಮೇಲೆ ಅಲೆಯ ಸುಳಿವಿಲ್ಲ, ಗಾಳಿಯ ಉಸಿರಿಲ್ಲ. ಗೋದಾಮಿನೊಳಗೆ ಒಣಗುತ್ತಿದ್ದ ಜಾಯಿಕಾಯಿಯ ಮಾದಕ ಸೌರಭವೂ ದಡದಲ್ಲಿ ಹರಡಿದ್ದ ಬಲೆಗಳ ಉಪ್ಪುವಾಸನೆಯೂ ಬೆರೆತು, ಬೀದಿಯ ಮೇಲೆ ಭಾರವಾಗಿ ನಿಂತುಬಿಟ್ಟಿದ್ದವು. ಇಂಥ ಮಧ್ಯಾಹ್ನಗಳಲ್ಲಿ ನಮ್ಮೂರಿನಲ್ಲಿ ನಾಯಿಗಳು ಕೂಡ ಬೊಗಳುವುದಿಲ್ಲ.

ಸಹೃದಯರೇ, ಕಾಯಿಸುವ ಮೋಡವನ್ನು ಕ್ಷಮಿಸಬಹುದು, ಅದಕ್ಕೆ ಬಾಯಿಲ್ಲ. ಆದರೆ ಬಾಯಿದ್ದೂ ಕಾಯಿಸುವ ಗಂಡಸನ್ನು ಏನು ಮಾಡೋಣ! ಹಾಗೆ ಕಾಯಿಸುತ್ತಿದ್ದವನು ಆಲ್ರಿಕ್, ಈ ದಡದ ಮೀನುಗಾರ. ಕಾಯುತ್ತಿದ್ದವಳು ಅವನ ಹೆಂಡತಿ ವರ್ಲಿನ್. ಅವಳು ಕಾಯತೊಡಗಿ ಅಂದಿಗೆ ಸರಿಯಾಗಿ ಏಳು ತಿಂಗಳಾಗಿತ್ತು, ಅಂದರೆ ಅವಳ ತೊಡೆಯ ಮೇಲೆ ಕೂತು ಎರಡು ಹೊಸ ಹಲ್ಲು ತೋರಿಸಿ ನಗುತ್ತಿದ್ದ ಮಗಳು ಸೊಲಾಂಜಳಿಗೆ ಆಗಿದ್ದಷ್ಟೇ ವಯಸ್ಸು.

ಆ ಮಗುವನ್ನು ನೀವು ನೋಡಬೇಕಿತ್ತು! ತೊಡೆಯಲ್ಲಿ ಮೂರು ಮೂರು ಮಡಿಕೆ, ಎಣ್ಣೆ ಹೀರಿ ಮಿರುಗುವ ಶ್ಯಾಮಲ ಕಾಂತಿ, ಮಣಿಕಟ್ಟಿನಲ್ಲಿ ದೃಷ್ಟಿಗೆಂದು ಕಟ್ಟಿದ ಕರಿಮಣಿ, ಹಣೆಯ ಅಂಚಿನಲ್ಲಿ ಬಟ್ಟೆಗೆ ಹಾಕುವ ನೀಲಿಯ ಒಂದು ಚುಕ್ಕೆ. ದಿನವೂ ಮುಂಜಾವಿನಲ್ಲಿ ಎಲೆಗಳನ್ನು ಕುದಿಸಿದ ನೀರಿನ ಸ್ನಾನ, ಆಮೇಲೆ ತೆಂಗಿನೆಣ್ಣೆ ತಿಕ್ಕಿ ಕೈಕಾಲು ಎಳೆದು ನೀವುವ ಶಾಸ್ತ್ರ, ಆಮೇಲೆ ಜಾಯಿಕಾಯಿ ತೇದು ಹಾಕಿದ ಮೆಕ್ಕೆಜೋಳದ ಗಂಜಿ. ಇದೆಲ್ಲವೂ ಅತ್ತೆ ಯೂಟ್ರಿಸಳ ಆಳ್ವಿಕೆ. ಹಲ್ಲು ಬರುವ ಮೊದಲು ಮಗುವಿಗೆ ಕನ್ನಡಿ ತೋರಿಸಕೂಡದು. ಮಾತು ಬರುವ ತನಕ ಕೂದಲು ಕತ್ತರಿಸಕೂಡದು. ಮಲಗಿದಾಗ ತಲೆಯ ಬಳಿ ಬೈಬಲ್ ತೆರೆದಿರಬೇಕು. ಬೀದಿಯಲ್ಲಿ ಹೋಗುವವರು ನಿಂತು, "ಎಷ್ಟು ಚೆನ್ನಾಗಿ ತುಂಬ್ಕೊಂಡಿದೆ ಮಗು!" ಎಂದರೆ, "ನನ್ನ ಕೈಗುಣ" ಎಂದು ಯೂಟ್ರಿಸ್ ಎದೆಯುಬ್ಬಿಸುವಳು. ಹಾಲೂಡಿಸಿ ಊಡಿಸಿ ಬತ್ತಿಹೋದವಳು ಬಾಗಿಲ ಮರೆಯಲ್ಲಿ ಹಲ್ಲು ಕಚ್ಚಿಕೊಂಡು ನಿಂತಿರುವಳು. ಆ ಕ್ಷಣದಲ್ಲಿ ವರ್ಲಿನ್‌ಗೆ ತನ್ನ ಮಗುವಿನ ಮನೆಯಲ್ಲಿ ತಾನೇ ಅತಿಥಿ ಎನಿಸುತ್ತಿತ್ತು.

ಎಲ್ಲವನ್ನೂ ಅವಳು ಬಿಟ್ಟುಕೊಟ್ಟಿದ್ದಳು. ಒಂದನ್ನು ಮಾತ್ರ ಬಿಟ್ಟಿರಲಿಲ್ಲ: ಉದುರಿದ ಹೊಕ್ಕುಳಬಳ್ಳಿ.

ನಮ್ಮಲ್ಲಿ ಮಗುವಿನ ಬಳ್ಳಿ ಯಾವ ಮಣ್ಣು ಸೇರುತ್ತದೆಯೋ ಮಗು ಆ ಮಣ್ಣಿನದು. ಬಳ್ಳಿ ಹೂತು ಅದರ ಮೇಲೊಂದು ಗಿಡ ನೆಡುತ್ತೇವೆ. ಮುಂದೆ ಆ ಮನುಷ್ಯ ಯಾವ ಸೀಮೆಗೆ ಹೋದರೂ ಅವನ ಊರು ಯಾವುದೆಂದು ಕೇಳಿದರೆ ಆ ಗಿಡವನ್ನೇ ತೋರಿಸುತ್ತೇವೆ. ವರ್ಲಿನ್ ಕ್ಯಾರಿಯಾಕೂ ದ್ವೀಪದವಳು, ದೋಣಿಯಲ್ಲಿ ಹೋದರೆ ಅರ್ಧ ದಿನದ ಹಾದಿ. ಮೂರು ವರ್ಷಗಳ ಹಿಂದೆ, ಆಗಸ್ಟಿನ ದೋಣಿಪಂದ್ಯಕ್ಕೆ ಹೋಗಿದ್ದ ಆಲ್ರಿಕ್, ದಡದಲ್ಲಿ ಹಳದಿ ಛತ್ರಿ ಹಿಡಿದು ನಿಂತಿದ್ದ ತರುಣಿಯನ್ನು ನೋಡುತ್ತ ನೋಡುತ್ತ ತಿರುವಿನ ಗುರುತಿಗೆಂದು ನೀರಲ್ಲಿ ತೇಲಿಬಿಟ್ಟ ಬುರುಡೆಯ ತಪ್ಪು ಬದಿಯಿಂದ ದೋಣಿ ತಿರುಗಿಸಿ ಪಂದ್ಯ ಸೋತ. ಸೋತವನು ಸಂಜೆ ಅವಳ ಮನೆಯಂಗಳಕ್ಕೇ ಬಂದ! ಆಹಾ, ಆ ಸಂಧ್ಯೆ... ಸೀತಾಫಲದ ಮರದ ಕೆಳಗೆ ಬೆಳಕು ಜಿನುಗುತ್ತಿತ್ತು, ಕಡಲು ಕೆಂಪಾಗಿತ್ತು, ಇಬ್ಬರಿಗೂ ಮಾತು ಹೊರಡದೆ ಒಂದೇ ಹಣ್ಣನ್ನು ಬಿಡಿಸಿ ಬಿಡಿಸಿ ತಿಂದರು. ಆ ವರ್ಷದ ಕೊನೆಗೆ ಅವಳ ತಾಯಿ ಜೆನಿಟಾ ಹಾಸಿಗೆ ಹಿಡಿದಾಗ, ಆಲ್ರಿಕ್ ಅವಳ ಕೈ ಹಿಡಿದು, "ನಮ್ಮ ಮೊದಲನೇ ಮಗುವಿನ ಬಳ್ಳಿ ನಿಮ್ಮ ಅಂಗಳಕ್ಕೇ ತರ್ತೀನಿ, ಅಮ್ಮ" ಎಂದಿದ್ದ. ಜೆನಿಟಾ ಆ ಮಾತನ್ನು ಕೇಳಿಸಿಕೊಂಡೇ ಕಣ್ಣು ಮುಚ್ಚಿದಳು.

ಈಗ ಅಲ್ಲಿ ಉಳಿದಿರುವುದು ಆ ಮರ ಮತ್ತು ಅದರ ಕೆಳಗೆ ಜೆನಿಟಾಳ ಸಮಾಧಿ, ಅಷ್ಟೇ. ಮಗಳ ಬಳ್ಳಿಯೂ ಅಲ್ಲಿಗೆ ಹೋಗದಿದ್ದರೆ ಆ ಮಣ್ಣಿಗೂ ತನಗೂ ಇದ್ದ ಕೊನೆಯ ನಂಟು ಕಡಿದುಹೋಗುತ್ತದೆಂದು ವರ್ಲಿನ್‌ಗೆ ಗೊತ್ತಿತ್ತು.

ಯೂಟ್ರಿಸಳ ಲೆಕ್ಕಾಚಾರವೇ ಬೇರೆ. ಅವಳ ಅಂಗಳದಲ್ಲಿ ಗುಂಡಿ ತೋಡಿ, ಜಾಯಿಕಾಯಿಯ ಸಸಿ ತಂದಿಟ್ಟು ಆಗಲೇ ನಾಲ್ಕು ತಿಂಗಳು. ಬಳ್ಳಿ ಇದ್ದ ತಗಡಿನ ಡಬ್ಬಿ ಬೀರುವಿನ ಮೇಲಿತ್ತು. ಯಾರೂ ಕದ್ದು ತೆಗೆಯಬಾರದೆಂದು ಅತ್ತೆ ಅದಕ್ಕೆ ದಾರ ಸುತ್ತಿ ತನ್ನದೊಂದು ಗಂಟು ಹಾಕಿದ್ದಳು. ಅದರ ಮೇಲೆ ಸೊಸೆ ತನ್ನ ದ್ವೀಪದ ನಾವಿಕರ ಗಂಟು ಬಿಗಿದಿದ್ದಳು. ಒಬ್ಬಳ ಗಂಟು ಇನ್ನೊಬ್ಬಳಿಗೆ ಬಿಚ್ಚಲು ಬರುತ್ತಿರಲಿಲ್ಲ. ನಡುವೆ ಆಲ್ರಿಕ್, ಜನವರಿಯಲ್ಲಿ ಗಾಳಿ ಜಾಸ್ತಿ, ಮಾರ್ಚಿನಲ್ಲಿ ಮೀನಿನ ಸುಗ್ಗಿ, ಏಪ್ರಿಲಿನಲ್ಲಿ ಎಂಜಿನ್ ಕೆಟ್ಟಿದೆ ಎನ್ನುತ್ತ ದಿನ ತಳ್ಳುತ್ತಿದ್ದ.

"ನಾಳೆ ಬೆಳಿಗ್ಗೆ ಹೊರಡೋಣ," ಎಂದಳು ವರ್ಲಿನ್ ಆ ಮಧ್ಯಾಹ್ನ.

ಬಲೆ ಹೆಣೆಯುತ್ತಿದ್ದ ಆಲ್ರಿಕ್ ತಲೆಯೆತ್ತಲಿಲ್ಲ. "ಸಮುದ್ರ ನೋಡ್ಬೇಕು..."

"ನೋಡು! ಎದ್ದು ಬಂದು ನೋಡು! ಎಣ್ಣೆ ಸುರಿದ ಹಾಗೆ ಬಿದ್ದಿದೆ. ಇನ್ನೇನು, ಸಮುದ್ರ ಬಂದು ನಿನ್ನ ಕಾಲು ಹಿಡೀಬೇಕಾ?"

ಒಳಗಿಂದ ಯೂಟ್ರಿಸ್ ಬಂದಳು, ಕೈಯಲ್ಲಿ ಗಂಜಿಯ ಬಟ್ಟಲು. "ಎಲ್ಲಿಗೆ ಹೊರಡೋದು? ಆ ಒಣ ದ್ವೀಪಕ್ಕಾ? ಅಲ್ಲಿ ಕುಡಿಯೋಕೆ ನೀರಿಲ್ಲ, ಗಿಡ ಏನು ಬದುಕುತ್ತೆ? ಗುಂಡಿ ತೋಡಿ ಇಟ್ಟಿದೀನಿ, ಸಸಿ ತಂದಿಟ್ಟಿದೀನಿ."

"ನಿಮ್ಮ ಸಸಿ ಗಂಡೋ ಹೆಣ್ಣೋ ನಿಮಗೇ ಗೊತ್ತಾ, ಅತ್ತೆ?" ಏಳು ತಿಂಗಳ ಕಹಿಯೆಲ್ಲ ವರ್ಲಿನ್‌ಳ ನಾಲಿಗೆಗೆ ಬಂದುಬಿಟ್ಟಿತು. "ಗೊತ್ತಾಗೋಕೆ ಏಳು ವರ್ಷ ಹೂವಿಗೆ ಕಾಯ್ಬೇಕು. ಗಂಡು ಬಂದ್ರೆ ಜನ್ಮದಲ್ಲಿ ಕಾಯಿ ಬಿಡಲ್ಲ. ನಿಮ್ಮ ಮಗನಿಗೆ ಅಂತ ನೆಟ್ರಲ್ಲ, ಮೂವತ್ತು ವರ್ಷ ಆಯ್ತು, ಒಂದು ಕಾಯಿ ತೋರಿಸಿ ನೋಡೋಣ!"

ಯೂಟ್ರಿಸ್ ಬಟ್ಟಲನ್ನು ಕೆಳಗಿಟ್ಟಳು. ಅಂಗಳದ ಮೂಲೆಯಲ್ಲಿ ಆಲ್ರಿಕ್‌ನ ಮರ ನಿಂತಿತ್ತು. ಗಂಡು ಮರ, ಎತ್ತರ, ದಟ್ಟ, ಬಂಜೆ. ಗಂಡೆಂದು ತಿಳಿದ ದಿನ ನೆರೆಹೊರೆಯವರು ನಕ್ಕಿದ್ದರು, ಕಡಿದು ಹಾಕು ಎಂದಿದ್ದರು. ಮಗನ ಬಳ್ಳಿ ಅದರ ಬುಡದಲ್ಲಿದ್ದುದರಿಂದ ಯೂಟ್ರಿಸ್ ಕೊಡಲಿ ಮುಟ್ಟಗೊಟ್ಟಿರಲಿಲ್ಲ.

"ಬಾಯಿ ಬಿಗಿ ಹಿಡಿ, ಹುಡುಗಿ," ಎಂದಳು ಮೆಲ್ಲನೆ.

ವರ್ಲಿನ್ ಮಗುವನ್ನು ಗಂಡನ ಮಡಿಲಿಗೆ ಹಾಕಿ ಒಳಗೆ ನುಗ್ಗಿದಳು. ಡಬ್ಬಿ ತಂದಳು. ಮೀನು ಸೀಳುವ ಚಾಕುವಿನಿಂದ ಅತ್ತೆಯ ಗಂಟನ್ನೂ ತನ್ನ ಗಂಟನ್ನೂ ಒಟ್ಟಿಗೇ ಕತ್ತರಿಸಿದಳು. "ಬೇಡ, ವರ್ಲಿನ್..." ಎಂದ ಆಲ್ರಿಕ್. ಮುಚ್ಚಳ ಅಷ್ಟರಲ್ಲೇ ತೆರೆದಿತ್ತು.

ಬಿಳಿ ಬಟ್ಟೆಯ ಸುರುಳಿಯೊಳಗೆ ಒಣಗಿ ಮುದುರಿದ, ಹಳದಿಗೆ ತಿರುಗಿದ ಏನೋ ಒಂದು ಚೂರು. ಘಮ್ಮೆಂದು ವಾಸನೆ ಎದ್ದಿತು. ನಲವತ್ತು ವರ್ಷ ಗೋದಾಮಿನಲ್ಲಿ ಕಾಯಿ ಬಿಡಿಸಿದ ಯೂಟ್ರಿಸ್‌ಗೆ ಬಗ್ಗಿ ನೋಡುವ ಅಗತ್ಯವೂ ಬೀಳಲಿಲ್ಲ.

"ಜಾಪತ್ರೆ," ಎಂದಳು. "ಇದು ಜಾಪತ್ರೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. "ನೀನು..." "ನೀವು..." ಎಂದು ಬಾಯಿ ತೆರೆದರು, ಗಂಟುಗಳ ನೆನಪಾಗಿ ಮುಚ್ಚಿದರು. ಆಮೇಲೆ ನಿಧಾನವಾಗಿ ಇಬ್ಬರ ದೃಷ್ಟಿಯೂ ಮಗುವನ್ನೆತ್ತಿಕೊಂಡು ಕಂಬಕ್ಕೊರಗಿದ್ದ ಗಂಡಸಿನತ್ತ ತಿರುಗಿತು.

"ನಾನೇ," ಎಂದ ಆಲ್ರಿಕ್. "ಬಳ್ಳಿ ಉದುರಿ ಎರಡು ದಿನ ಆಗಿತ್ತು. ಕಪಾಟಿನಲ್ಲಿಟ್ಟಿದ್ದ ಬಟ್ಟೆಗೆ ಇಲಿ ಹಲ್ಲು ಹಾಕಿತ್ತು. ಇಲಿ ಬಳ್ಳಿ ಕಚ್ಕೊಂಡು ಹೋದ್ರೆ ಮಗು ಕಳ್ಳಿಯಾಗ್ತಾಳೆ ಅಂತ ನೀವಿಬ್ರೂ ಹೇಳ್ತಾನೇ ಇದ್ರಿ. ಹೆದರಿಬಿಟ್ಟೆ. ಅವತ್ತೇ ಹೂತುಬಿಟ್ಟೆ. ಸಂಜೆ ಹೇಳೋಣ ಅಂತ ಬಂದ್ರೆ ನೀವಿಬ್ರೂ ಜಗಳ ಶುರು ಮಾಡಿದ್ರಿ. ಜಗಳ ತಣ್ಣಗಾಗಲಿ ಅಂತ ಜಾಪತ್ರೆ ಸುತ್ತಿಟ್ಟೆ... ಆಮೇಲೆ ಗಂಟು ಬಿತ್ತು."

"ಎಲ್ಲಿ ಹೂತೆ?" ಎಂದಳು ವರ್ಲಿನ್.

ಅವನು ಅಂಗಳದ ಮೂಲೆಗೆ ಕೈ ತೋರಿಸಿದ.

ಯೂಟ್ರಿಸಳ ತುಟಿಯ ಮೇಲೆ ಗೆಲುವಿನ ನಗೆಯೊಂದು ಮೂಡತೊಡಗಿತು. ಕೈ ಯಾವ ಮರದತ್ತ ಹೋಗಿದೆಯೆಂದು ಕಂಡೊಡನೆ ಅರ್ಧದಲ್ಲೇ ಸತ್ತಿತು. "ಆ ಬಂಜೆ ಮರದ ಕೆಳಗಾ, ಮೂರ್ಖಾ?"

"ಈ ಅಂಗಳದಲ್ಲಿ ಯಾರೂ ಯಾವತ್ತೂ ಕಡಿಯಲ್ಲ ಅಂತ ನನಗೆ ಗೊತ್ತಿದ್ದ ಮರ ಅದೊಂದೇ, ಅಮ್ಮ."

ಹೂತ ಬಳ್ಳಿಯನ್ನು ಅಗೆಯುವಂತಿಲ್ಲ. ಅದು ಎಲ್ಲರಿಗೂ ಗೊತ್ತು. ವರ್ಲಿನ್ ಅಳಲಿಲ್ಲ. ಅತ್ತಿದ್ದರೆ ಎಷ್ಟೋ ಸಲೀಸಾಗುತ್ತಿತ್ತು! "ನಮ್ಮಮ್ಮನ ಕೈ ಹಿಡ್ಕೊಂಡು ಹೇಳಿದ್ದೆ ನೀನು," ಎಂದಳು, ಅಷ್ಟೇ. ಮಗುವನ್ನು ಅವನ ತೋಳಿನಿಂದ ತೆಗೆದುಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದೂ ಆಗಲಿಲ್ಲ.

ಒಂಬತ್ತು ದಿನ ಅವಳು ಅವನೊಡನೆ ಮಾತಾಡಲಿಲ್ಲ. ಅನ್ನ ಬಡಿಸಿದಳು, ಬಟ್ಟೆ ಒಗೆದಳು. ಅವನಿರುವ ಜಾಗವನ್ನು ಮಾತ್ರ ಗಾಳಿಯಿರುವ ಜಾಗದಂತೆ ದಾಟಿಹೋದಳು. ಪ್ರೀತಿಯಿರುವ ಮನೆಯಲ್ಲಿ ಮೌನ ಎಷ್ಟು ಕ್ರೂರವೆಂಬುದು ಪ್ರೀತಿಸಿದವರಿಗಷ್ಟೇ ಗೊತ್ತು... ಏಳು ತಿಂಗಳು ಜಾಪತ್ರೆಯ ಡಬ್ಬಿಯೊಂದನ್ನು ಕಾದುದಕ್ಕೆ ಅವಳಿಗೆ ತನ್ನ ಮೇಲೆಯೇ ರೇಗುತ್ತಿತ್ತು. ಇಲಿಯ ಮೇಲೆ ರೇಗುತ್ತಿತ್ತು. ಅವನು ಹೆದರಿದ್ದು ಮಗಳಿಗಾಗಿ ಎಂಬುದು ಗೊತ್ತಿದ್ದರಿಂದ, ಮನಸಾರೆ ದ್ವೇಷಿಸಲೂ ಬಾರದೆ ಇನ್ನಷ್ಟು ರೇಗುತ್ತಿತ್ತು. ಮೋಡಗಳು ಬಂದವು, ಹೋದವು. ಮಗು ಮಾತ್ರ ಏನೊಂದೂ ಅರಿಯದೆ ಗಂಜಿ ಕುಡಿದು ಮತ್ತಷ್ಟು ದುಂಡಗಾಯಿತು.

ಎಂಟನೆಯ ದಿನ ಆಲ್ರಿಕ್ ಹೇಳದೆ ಕೇಳದೆ ದೋಣಿ ತೆಗೆದುಕೊಂಡು ಹೋದ. ಒಂಬತ್ತನೆಯ ದಿನ ನಡುಹಗಲಿಗೆ ಬಂದ. ಬೆನ್ನ ಮೇಲೆ ಗೋಣಿಚೀಲ, ಕೈಯಲ್ಲಿ ಗೇಣುದ್ದದ ಸೀತಾಫಲದ ಗಿಡ. ಯಾರೊಂದಿಗೂ ಮಾತಾಡದೆ ನೇರ ಅಂಗಳದ ಮೂಲೆಗೆ ಹೋಗಿ ಚೀಲ ಬಿಚ್ಚಿದ. ಒಣಗಿದ, ತಿಳಿಗಂದು ಬಣ್ಣದ, ಕಪ್ಪೆಚಿಪ್ಪಿನ ಚೂರು ಬೆರೆತ ಮಣ್ಣು. ವರ್ಲಿನ್ ದೂರದಿಂದಲೇ ಗುರುತು ಹಿಡಿದಳು. ಮಗುವನ್ನು ಎತ್ತಿಕೊಂಡು ಬಂದು ನಿಂತಳು.

"ಮಣ್ಣು ತಂದ್ರೆ ಮಾತು ಉಳೀತಾ?" ಎಂದಳು. ಒಂಬತ್ತು ದಿನಗಳ ಮೊದಲ ಮಾತು.

"ಉಳಿಯಲ್ಲ," ಎಂದ ಆಲ್ರಿಕ್. "ತಪ್ಪಿದ್ದು ತಪ್ಪಿದ್ದೇ. ಆದ್ರೆ ಅದನ್ನ ಅವರಿಗೇ ಹೇಳಿ ಬರೋಣ ಅಂತ ಹೋದೆ. ಸಮಾಧಿ ಹತ್ರ ಕೂತು ಎಲ್ಲಾ ಹೇಳಿದೆ. ಇಲಿ, ಡಬ್ಬಿ, ಜಾಪತ್ರೆ, ಎಲ್ಲಾ."

"ಅಮ್ಮ ಏನಂದ್ಲು?"

"ನಿನ್ನ ಹಾಗೇ. ಏನೂ ಅನ್ನಲಿಲ್ಲ."

ಅವಳಿಗೆ ನಗು ಉಕ್ಕಿಬಂತು. ನಗುವುದು ಅವಳಿಗೆ ಬೇಕಿರಲಿಲ್ಲ. ಮಗುವನ್ನು ನೆಲದ ಮೇಲೆ ಕೂರಿಸಿ, ಗಿಡವನ್ನು ಅವನ ಕೈಯಿಂದ ಕಿತ್ತುಕೊಂಡು, "ಇಷ್ಟು ಮೇಲೆ ನೆಟ್ರೆ ಬೇರು ಹಿಡಿಯಲ್ಲ, ಸರಿ ಆ ಕಡೆ," ಎಂದಳು. ಯೂಟ್ರಿಸ್ ಒಳಗಿಂದ ನೀರಿನ ತಂಬಿಗೆ ಹಿಡಿದು ಬಂದಳು. ಆ ದ್ವೀಪದ ಪುಡಿಮಣ್ಣಿನಲ್ಲಿ ಏನೂ ಬೆಳೆಯುವುದಿಲ್ಲವೆಂದು ಗೊಣಗುತ್ತಲೇ ಬಂದಳು. ತಂಬಿಗೆ ಮಾತ್ರ ತುಂಬಿತ್ತು.

ಮೂವರೂ ಗಿಡದ ಮೇಲೆ ಬಗ್ಗಿದ್ದರು. ಇತ್ತ ಸೊಲಾಂಜ್ ಚೀಲದ ಬಾಯಿಗೆ ಕೈಹಾಕಿ, ಮುಷ್ಟಿ ತುಂಬ ಮಣ್ಣು ತೆಗೆದು, ಬಾಯಿಗೆ ಹಾಕಿಕೊಂಡು, ಎರಡು ಹಲ್ಲಿನಿಂದ ಗಂಭೀರವಾಗಿ ಅಗಿಯುತ್ತಿದ್ದಳು.

"ಅಯ್ಯೋ ದೇವರೇ!" ಯೂಟ್ರಿಸ್ ಬೆರಳು ಚಾಚಿ ಧಾವಿಸಿದಳು.

"ಬಿಡಿ, ಅತ್ತೆ," ಎಂದಳು ವರ್ಲಿನ್. ಧ್ವನಿ ಎತ್ತರವಾಗಿರಲಿಲ್ಲ. "ಅದು ನಮ್ಮಮ್ಮನ ಮನೆ ಮಣ್ಣು. ಒಂದು ತುತ್ತು ತಿನ್ನಲಿ."

ಚಾಚಿದ ಬೆರಳು ಗಾಳಿಯಲ್ಲೇ ನಿಂತಿತು. ಏಳು ತಿಂಗಳಲ್ಲಿ ಮೊದಲ ಸಲ ಯೂಟ್ರಿಸ್ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಮಗು ನುಂಗಿತು, ಮುಖ ಸಿಂಡರಿಸಿತು, ಆಮೇಲೆ ಇನ್ನೊಂದು ಮುಷ್ಟಿಗೆ ಕೈಚಾಚಿತು. ಈ ಬಾರಿ ಅದನ್ನು ತಡೆದವಳು ತಾಯಿ.

ಸಹೃದಯರೇ, ಮಳೆ ಅಂದೂ ಬರಲಿಲ್ಲ. ವರ್ಲಿನ್ ಅಂದೇ ಗಂಡನನ್ನು ಕ್ಷಮಿಸಿದಳೆಂದು ಹೇಳಿದರೆ ನಾನು ಸುಳ್ಳಾಡಿದಂತೆ. ಬಹಳ ದಿನ ಹಿಡಿಯಿತು, ಇಂದಿಗೂ ಜಾಪತ್ರೆಯ ವಾಸನೆ ಬಂದರೆ ಅವಳ ಹುಬ್ಬು ಗಂಟಾಗುತ್ತದೆ. ಮನುಷ್ಯಹೃದಯದ ಮುನಿಸೆಂಬುದು ಎಷ್ಟು ವಿಚಿತ್ರ! ಪ್ರೀತಿಸಿದವರು ತಪ್ಪಿದ ಮಾತನ್ನು ಅದು ಮರೆಯುವುದಿಲ್ಲ, ಹಾಗೆಂದು ಅವರನ್ನು ತೊರೆಯುವುದೂ ಇಲ್ಲ. ನೋವನ್ನು ಎದೆಯಲ್ಲಿಟ್ಟುಕೊಂಡೇ ಮುಂಜಾನೆ ಎದ್ದು ಗಿಡಕ್ಕೆ ನೀರು ಹಾಕುತ್ತದೆ... ಬಂಜೆ ಮರದ ನೆರಳಲ್ಲಿ ಆ ಸೀತಾಫಲ ಈಗ ಮೊಳಕಾಲೆತ್ತರ ಬೆಳೆದಿದೆ. ಬೆಳಿಗ್ಗೆ ಅತ್ತೆ, ಸಂಜೆ ಸೊಸೆ, ಒಬ್ಬರಿಗೊಬ್ಬರು ಹೇಳದೆ ಅದಕ್ಕೆ ನೀರೆರೆಯುತ್ತಾರೆ.