ಮನೆಯ ಮೇಲೆಯೇ ನಿಂತ ಗುರುತು

ಹೃದಯದ ಶಸ್ತ್ರಚಿಕಿತ್ಸೆ ಆದ ಮೇಲೆ ಸ್ತಾಮೆನ್ ಮೊದಲ ಸಲ ಬೆಟ್ಟ ಹತ್ತಲು ಹೊರಟಿದ್ದ. ಓರ್ಲೊವಾ ಶಿಖರ ಮುಟ್ಟಿ, ಅಲ್ಲಿಂದ ನಾಲ್ಕು ಜನ ಹ್ಯಾಮ್ ರೇಡಿಯೊ ಹವ್ಯಾಸಿಗಳೊಡನೆ ಮಾತಾಡಿ ಬಂದರೆ ತಾನು ಮತ್ತೆ ಹಳೆಯ ಸ್ತಾಮೆನ್ ಆದಂತೆ ಎಂಬುದು ಅವನ ಹಟ. ಹೋಗುವುದಾದರೆ ಕಂಪ್ಯೂಟರಿನ ನಕ್ಷೆಯಲ್ಲಿ ತನಗೆ ಕಾಣುತ್ತಲೇ ಇರಬೇಕು ಎಂಬುದು ಹೆಂಡತಿ ನೆವೆನಾಳ ಷರತ್ತು. ಹ್ಯಾಮ್ ರೇಡಿಯೊ ಲೈಸೆನ್ಸ್ ಅವಳಿಗೂ ಇತ್ತು. ಇಬ್ಬರಿಗೂ ಪರಿಚಯವಾದದ್ದೇ ರೇಡಿಯೊದಲ್ಲಿ, ಮುಖ ನೋಡಿದ್ದು ಆಮೇಲೆ.

ಬೆಳಿಗ್ಗೆ ಅಡುಗೆಮನೆಯ ಮೇಜಿನಿಂದ ಬಾನಿತ್ಸಾ ತಿಂಡಿಯ ತಟ್ಟೆಯನ್ನು ಬದಿಗೆ ಸರಿಸಿ, ಅವನ ಕೈರೇಡಿಯೊವನ್ನು ಅವಳೇ ಸಿದ್ಧ ಮಾಡಿದಳು. ಅವನ ಕರೆಸಂಕೇತ ಹಾಕಿದಳು, ನಕ್ಷೆಯ ಗುರುತಿಗೆ ನಡೆಯುವ ಮನುಷ್ಯನ ಚಿತ್ರ ಆರಿಸಿದಳು, ಎರಡು ನಿಮಿಷಕ್ಕೊಮ್ಮೆ ಇರುವ ಜಾಗ ತಿಳಿಸುವಂತೆ ಮಾಡಿದಳು. ದಪ್ಪ ಕಲ್ಲುಗೋಡೆಯೊಳಗೆ ಉಪಗ್ರಹದ ಸಿಗ್ನಲ್ ಸಿಗಲಿಲ್ಲ. ಪರೀಕ್ಷೆಗೆಂದು ಮನೆಯ ಅಕ್ಷಾಂಶ, ರೇಖಾಂಶಗಳನ್ನು ಕೈಯಾರೆ ತುಂಬಿದಳು. ಕಂಪ್ಯೂಟರಿನ ನಕ್ಷೆಯಲ್ಲಿ, ಅವರ ಮನೆಯ ಮೇಲೆ, ಪುಟ್ಟ ಮನುಷ್ಯ ಮೂಡಿದ.

"ದನಕ್ಕೆ ಗಂಟೆ ಕಟ್ಟಿದ ಹಾಗಾಯ್ತು ನನ್ನ ಪಾಡು," ಎಂದ ಸ್ತಾಮೆನ್.

"ದನ ಆಗಿದ್ರೆ ಹೇಳಿದ ಮಾತು ಕೇಳ್ತಿತ್ತು."

"ಒಂದು ಮಾತು ಮಾರಾಯ್ತಿ, ಬಾಯಲ್ಲಿ ಮಾತ್ರ ಕರೀಬೇಡ. ನಾನು ಏದುಸಿರು ಬಿಡೋದನ್ನ ರೇಡಿಯೊ ಕ್ಲಬ್ಬಿನವರೆಲ್ಲ ಕೇಳಿ ನಗ್ತಾರೆ. ಏನಿದ್ರೂ ಬರೆದು ಕಳ್ಸು."

ಅವನು ಹೋದ ಎಷ್ಟೋ ಹೊತ್ತಿನ ಮೇಲೂ ಪುಟ್ಟ ಮನುಷ್ಯ ಮನೆಯ ಮೇಲೆಯೇ ಇದ್ದ. ಕಾಡಿನ ಮರೆಗೆ ಉಪಗ್ರಹ ಸಿಗುವುದು ತಡ ಎಂದುಕೊಂಡು ಅವಳು ಬಟ್ಟೆ ಒಣಹಾಕಿ ಬಂದಳು. ಆಗಲೂ ಅಲ್ಲೇ. ಆಗ ಅವಳಿಗೆ ಹೊಳೆಯಿತು. ಪರೀಕ್ಷೆಗೆ ತುಂಬಿದ ಜಾಗವನ್ನು ಅವಳು ತೆಗೆದೇ ಇರಲಿಲ್ಲ. ಎಷ್ಟು ವರ್ಷದ ಅನುಭವ, ಎಂಥ ಹೊಸಬರ ತಪ್ಪು! ಮೊಬೈಲಿಗೆ ಆ ಕಡೆ ಸಿಗ್ನಲ್ ಇಲ್ಲ.

ರೇಡಿಯೊ ಸಂದೇಶ ಬರೆದಳು: "ನಕ್ಷೆಯಲ್ಲಿ ನೀನು ಮನೆಯಲ್ಲೇ ಇದ್ದೀಯ. ತಪ್ಪು ನಂದೇ. ಮೆನುವಿನಲ್ಲಿ ಜಾಗಕ್ಕೆ ಉಪಗ್ರಹ ಆರಿಸು."

ಸಂದೇಶ ತಲುಪಿತೆಂದು ಕೂಡಲೇ ಉತ್ತರ ಬಂತು. ಅದು ರೇಡಿಯೊ ತಾನಾಗಿ ಕೊಡುವ ಉತ್ತರ. ಹೊತ್ತವನು ಕುಸಿದು ಬಿದ್ದಿದ್ದರೂ ಅದು ಹಾಗೇ ಹೇಳುತ್ತದೆ. ನೆವೆನಾ ಪರದೆಯ ಮುಂದೆ ಕೈ ಹಿಸುಕಿಕೊಳ್ಳುತ್ತ ಕುಳಿತಳು. ಅವನ ಬೈಗುಳವಾದರೂ ಬರಲಿ ಎಂದು ಬೇಡಿಕೊಂಡಳು.

ಕಡೆಗೆ ಪುಟ್ಟ ಮನುಷ್ಯ ಮನೆಯಿಂದ ಬೆಟ್ಟಕ್ಕೆ ಹಾರಿದ. ಶಿಖರಕ್ಕಲ್ಲ, ಅರ್ಧ ದಾರಿಯಲ್ಲಿ, ಕಾಡಿನ ರಸ್ತೆ ಪಕ್ಕದ ನೀರಿನ ಒರತೆಗೆ. ಎರಡು ನಿಮಿಷದ ಮೇಲೆ ರೇಡಿಯೊ ಮತ್ತೆ ಜಾಗ ತಿಳಿಸಿದಾಗಲೂ ಅಲ್ಲೇ. ಅವನು ನಡೆಯುತ್ತಿರಲಿಲ್ಲ.

ಗುಂಡಿ ತಿರುಗಿಸಿ ಒಂದೊಂದೇ ಅಕ್ಷರ ಹೆಕ್ಕಿದ ಸಂದೇಶವೂ ಬಂತು: "ನನ್ನ ಕೈಲಿ ಇಷ್ಟೇ ಆಯ್ತು ನೆವೆ. ಕಾಲು ನಡುಗ್ತಿದೆ. ಬರ್ತೀಯಾ?"

ಅವಳ ಕಣ್ಣು ತುಂಬಿತು. ಅವನು ಗುರುತನ್ನು ಮನೆಯ ಮೇಲೆಯೇ ಬಿಟ್ಟು, ಸಂಜೆ ಬಂದು ಶಿಖರ ಮುಟ್ಟಿದೆ ಎಂದಿದ್ದರೆ ಅವಳು ನಂಬುತ್ತಿದ್ದಳು. ಆ ನಕ್ಷೆಯನ್ನು ಇಡೀ ಕ್ಲಬ್ಬು ನೋಡುತ್ತದೆಂದೂ ಅವನಿಗೆ ಗೊತ್ತು. ಎಂದೂ ಸೋಲೊಪ್ಪದ ಆ ಮನುಷ್ಯ ಈಗ ಒಪ್ಪಿಕೊಂಡಿದ್ದ; ಅವನ ಮೇಲೆ ಅವಳಿಗೆ ಇಂದಿನಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ. "ಹೊರಟೆ" ಎಂದು ಬರೆದು ಕಾರು ಹತ್ತಿದಳು.

ಒರತೆಯ ಬಳಿ ಅವನು ಬಂಡೆಯ ಮೇಲೆ ಕುಳಿತಿದ್ದ, ಮುಖ ಬಿಳಿಚಿಕೊಂಡಿತ್ತು.

"ನಾನಿಲ್ಲಿ ಕೂತಿರೋದು ಎಲ್ರಿಗೂ ಕಾಣ್ತಿದೆಯಾ?" ಎಂದ.

"ಕಾಣ್ತಿದೆ. ಆಫ್ ಮಾಡ್ಲಾ?"

"ಬೇಡ, ಕಾಣ್ಲಿ ಬಿಡು," ಎಂದ ಸ್ತಾಮೆನ್, ಸ್ವಲ್ಪ ಸರಿದು ಅವಳಿಗೂ ಜಾಗ ಬಿಟ್ಟ.